ತಾಯಿಗಾಗಿ ಕೋರ್ಟಿಗಿಳಿದ ಕೆಪ್ಲರ್

ಮಾಟ-ಮಂತ್ರದ ಇತಿಹಾಸ ಓದಬೇಕು, ಎಲ್ಲಿಂದ ಶುರು ಮಾಡೋದು ಅಂತ ಕೇಳುವವರಿಗೆ ಒಂದು ಸಲಹೆ: ಯೊಹಾನೆಸ್ ಕೆಪ್ಲರ್ ಬದುಕಿನಿಂದ ಶುರು ಮಾಡಿ. ಗ್ರಹಗಳು ದೀರ್ಘವೃತ್ತದಲ್ಲಿ ಸುತ್ತುತ್ತವೆ ಎಂದು ಶಾಲೆಯಲ್ಲಿ ಓದಿದ್ದೇವಲ್ಲ, ಅದೇ ಕೆಪ್ಲರ್.

ಹುಟ್ಟಿದ್ದು 1571ರಲ್ಲಿ, ಜರ್ಮನಿಯ ವೈಲ್ ಡೆರ್ ಸ್ಟಾಟ್ ಎಂಬ ಪುಟ್ಟ ಊರಲ್ಲಿ. ಅಪ್ಪ ಕೂಲಿ ಸಿಪಾಯಿ. ಯುದ್ಧಕ್ಕೆ ಹೋದವನು ಒಂದು ದಿನ ವಾಪಸ್ ಬರಲೇ ಇಲ್ಲ. ತಾಯಿ ಕ್ಯಾಥರಿನಾ ಗಿಡಮೂಲಿಕೆ ಬಲ್ಲವಳು. 1577ರ ಧೂಮಕೇತುವನ್ನು ಮಗನಿಗೆ ತೋರಿಸಿದವಳೂ ಆಕೆಯೇ. ಮಗ 1601ರಲ್ಲಿ ಪ್ರಾಗ್‌ನಲ್ಲಿ ಚಕ್ರವರ್ತಿಯ ಗಣಿತಜ್ಞನಾದ, ಮುಂದೆ ಲಿಂಜ್‌ಗೆ ಹೋದ.

1615ರಲ್ಲಿ ತಾಯಿಯಿದ್ದ ಲಿಯೊನ್‌ಬರ್ಗ್‌ನಲ್ಲಿ ಪರಿಚಯದ ಹೆಂಗಸೊಬ್ಬಳು, ಕ್ಯಾಥರಿನಾ ಕೊಟ್ಟ ಪಾನೀಯ ಕುಡಿದೇ ಕಾಯಿಲೆ ಬಿದ್ದೆ ಅಂದಳು. ಮನೆಯವರು ಮಾನನಷ್ಟ ಮೊಕದ್ದಮೆ ಹೂಡಿದರು. ಅದು ತಿರುಗಿ ಬಿತ್ತು. ಊರವರಿಗೆ ಹಳೇ ನೋವುಗಳೆಲ್ಲ ಒಂದೊಂದಾಗಿ ನೆನಪಾದವು. 1620ರಲ್ಲಿ, ಎಪ್ಪತ್ತು ದಾಟಿದ ಮುದುಕಿಯನ್ನು ಬಂಧಿಸಿ ಸರಪಳಿ ಬಿಗಿದರು. ಕೆಪ್ಲರ್‌ಗೆ ಇನ್ನೊಂದು ಕೊರಗು: ಚಂದ್ರಯಾನದ ಕುರಿತು ತಾನು ಬರೆದಿದ್ದ ಕಥೆಯಲ್ಲಿ ನಾಯಕನ ತಾಯಿ ಮೂಲಿಕೆ ಮಾರುವವಳು, ಭೂತ ಕರೆಯುವವಳು. ಆ ಹಸ್ತಪ್ರತಿ ಕೈಯಿಂದ ಕೈಗೆ ಹೋಗಿ ಗಾಳಿಸುದ್ದಿಗೆ ಕಾರಣವಾಯಿತೇನೋ ಎಂದು ಆತ ಮುಂದೆ ಬರೆದುಕೊಂಡ.

ಕೆಲಸ ಬಿಟ್ಟು ಬಂದ ಕೆಪ್ಲರ್ ವಕೀಲರ ಜೊತೆ ಕೂತು ಪ್ರತಿವಾದ ಸಿದ್ಧಪಡಿಸಿದ. ಮಾಟ ಅನ್ನೋದೇ ಸುಳ್ಳು ಅಂತ ಆತ ವಾದಿಸಲಿಲ್ಲ ಅನ್ನೋದನ್ನು ಗಮನಿಸಬೇಕು. ಆ ಕಾಲದಲ್ಲಿ ಹಾಗೆಂದಿದ್ದರೆ ತಾಯಿ ಉಳಿಯುವುದು ಕಷ್ಟವಿತ್ತು. ಒಂದೊಂದು ಆರೋಪಕ್ಕೂ ಸಹಜ ಕಾರಣ ಹುಡುಕಿದ. ಮೇಷ್ಟ್ರ ಕಾಲು ಊನವಾಗಿದ್ದು ಹಳ್ಳ ಜಿಗಿದಾಗ. ಹುಡುಗಿಯ ಕೈನೋವು ಇಟ್ಟಿಗೆ ಹೊತ್ತಿದ್ದರಿಂದ. ಸಾಕ್ಷಿಗಳ ಹೇಳಿಕೆ ಒಂದಕ್ಕೊಂದು ಎಲ್ಲಿ ತಾಳೆಯಾಗುವುದಿಲ್ಲ ಎಂಬುದನ್ನೂ ತೋರಿಸಿದ. ಗ್ರಹಗಳ ಲೆಕ್ಕಕ್ಕೆ ತೋರಿದ ತಾಳ್ಮೆಯೇ ಇಲ್ಲೂ ಕೆಲಸಕ್ಕೆ ಬಂತು.

1621ರ ಸೆಪ್ಟೆಂಬರ್‌ನಲ್ಲಿ ಕ್ಯಾಥರಿನಾಗೆ ಚಿತ್ರಹಿಂಸೆಯ ಸಲಕರಣೆ ತೋರಿಸಿ ಹೆದರಿಸಿದರು. ಆಕೆ ತಪ್ಪೊಪ್ಪಿಕೊಳ್ಳಲಿಲ್ಲ. ಹದಿನಾಲ್ಕು ತಿಂಗಳ ಸೆರೆಯ ನಂತರ ಬಿಡುಗಡೆ. 1622ರ ಏಪ್ರಿಲ್‌ನಲ್ಲಿ ಸಾವು. ಕೆಪ್ಲರ್ 1630ರಲ್ಲಿ ರೇಗನ್ಸ್‌ಬರ್ಗ್‌ನಲ್ಲಿ ತೀರಿಕೊಂಡ. ಮೂವತ್ತು ವರ್ಷಗಳ ಯುದ್ಧದಲ್ಲಿ ಆತನ ಸಮಾಧಿಯೂ ಉಳಿಯಲಿಲ್ಲ.

ಮೊಕದ್ದಮೆಯ ದಾಖಲೆಗಳು ಮಾತ್ರ ಉಳಿದವು. ಅವನ್ನಾಧರಿಸಿ ಇತಿಹಾಸಕಾರ್ತಿ ಉಲಿಂಕಾ ರುಬ್ಲಾಕ್ 2015ರಲ್ಲಿ ಇಂಗ್ಲಿಷ್‌ನಲ್ಲಿ ಒಂದು ಪುಸ್ತಕ ತಂದರು. ಅದರಲ್ಲಿ ಮಂತ್ರ ಕಡಿಮೆ. ನೆರೆಹೊರೆಯ ಜಗಳ, ಕಾಯಿಲೆ, ಅಧಿಕಾರಿಗಳ ಹಟ ಹೆಚ್ಚು. ಒಬ್ಬ ಹೆಂಗಸು ಮಾಟಗಾತಿ ಅನ್ನಿಸಿಕೊಳ್ಳೋದು ಹೇಗೆ ಅಂತ ತಿಳಿಯಲು ಓದಬೇಕಾದದ್ದು ಇದನ್ನೇ.