ತಾರೆಗಳ ಬಾಳನ್ನು ಓದಿದ ವೈನು ಬಪ್ಪು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನ ಹಡಗಲಿ, ಹರಪನಹಳ್ಳಿ. ಇಂದು ವಿಜಯನಗರ ಜಿಲ್ಲೆಗೆ ಸೇರಿರುವ ಈ ತಾಲ್ಲೂಕುಗಳ ಬೇಸಾಯ ಬಹುಮಟ್ಟಿಗೆ ಮಳೆಯನ್ನೇ ನಂಬಿದೆ. ಇಲ್ಲಿನ ರೈತರು ಮಳೆಯನ್ನು ಗುರುತಿಸುವುದು ತಿಂಗಳ ಹೆಸರಿನಿಂದಲ್ಲ, ನಕ್ಷತ್ರದ ಹೆಸರಿನಿಂದ. ಕೃತ್ತಿಕಾ, ರೋಹಿಣಿ, ಮೃಗಶಿರಾ, ಆರಿದ್ರಾ ಎಂದು ಸಾಗುವ ಸಾಲು ಚಿತ್ತಾ, ಸ್ವಾತಿ ಮಳೆಗಳನ್ನು ದಾಟಿ ಮುಂದುವರಿಯುತ್ತದೆ. ಸೂರ್ಯನು ಯಾವ ನಕ್ಷತ್ರದ ಬಳಿ ಇರುವನೋ ಆ ದಿನಗಳ ಮಳೆಗೆ ಅದೇ ಹೆಸರು. ಆದುದರಿಂದಲೇ ರೋಹಿಣಿ ಮಳೆಯ ಕಾಲದಲ್ಲಿ ರೋಹಿಣಿ ನಕ್ಷತ್ರ ಕಣ್ಣಿಗೆ ಕಾಣದು. ಅದನ್ನು ನೋಡಬೇಕೆನ್ನುವವರು ಚಳಿಗಾಲದ ಇರುಳಿಗಾಗಿ ಕಾಯಬೇಕು.

ಪಂಚಾಂಗದಲ್ಲಿ ಅಕ್ಕಪಕ್ಕ ಕುಳಿತ ಈ ತಾರೆಗಳು ಸಮವಯಸ್ಕರಲ್ಲ. ಕೃತ್ತಿಕೆಯ ಗುಂಪು ಹುಟ್ಟಿ ಸುಮಾರು 10 ಕೋಟಿ ವರ್ಷಗಳಷ್ಟೇ ಆಗಿವೆ. ಆಕಾಶದ ಲೆಕ್ಕದಲ್ಲಿ ಅವು ಎಳೆಯ ಕೂಸುಗಳು. ರೋಹಿಣಿಯು ಒಡಲೊಳಗಿನ ಇಂಧನವನ್ನು ಬಹುಪಾಲು ಸುಟ್ಟು, ಸೂರ್ಯನಿಗಿಂತ 40 ಪಟ್ಟಿಗೂ ಮಿಗಿಲಾಗಿ ಉಬ್ಬಿರುವ ಮುದಿ ದೈತ್ಯ. ಆರಿದ್ರೆಯ ಪ್ರಾಯ ಸುಮಾರು ಒಂದು ಕೋಟಿ ವರ್ಷವಾದರೂ ಅದು ಆಗಲೇ ಸಾವಿನ ಸಮೀಪಕ್ಕೆ ಬಂದಿದೆ. ಒಂದು ಚುಕ್ಕಿ ಬಾಳಿನ ಯಾವ ಘಟ್ಟದಲ್ಲಿದೆ ಎಂದು ಹೇಳಲು ಅದರ ನಿಜವಾದ ಪ್ರಕಾಶ ತಿಳಿಯಬೇಕು. ಆ ಪ್ರಕಾಶವನ್ನು ಅಳೆಯಲು ಜಗತ್ತಿಗೆ ಒಂದು ಅಳತೆಗೋಲನ್ನು ಕೊಟ್ಟವರಲ್ಲಿ ಒಬ್ಬರು, ಮುಂದೆ ಬೆಂಗಳೂರನ್ನು ಭಾರತೀಯ ಖಗೋಳವಿಜ್ಞಾನದ ಕೇಂದ್ರವನ್ನಾಗಿ ಮಾಡಿದ ಮನಾಲಿ ಕಲ್ಲಟ್ ವೈನು ಬಪ್ಪು.

ವೀಕ್ಷಣಾಲಯದ ನೆರಳಿನಲ್ಲಿ

ಬಪ್ಪು ಜನಿಸಿದ್ದು 1927ರ ಆಗಸ್ಟ್ 10ರಂದು, ಮದರಾಸಿನಲ್ಲಿ. ಕುಟುಂಬದ ಮೂಲ ಉತ್ತರ ಕೇರಳ. ತಂದೆ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿ ಸಹಾಯಕರಾಗಿದ್ದರು. ಹೀಗಾಗಿ ಏಕೈಕ ಪುತ್ರನಿಗೆ ದೂರದರ್ಶಕವು ಪುಸ್ತಕದ ಚಿತ್ರವಾಗಿರಲಿಲ್ಲ, ಮನೆಯ ಬಳಕೆಯ ವಸ್ತುವಿನಷ್ಟೇ ಪರಿಚಿತವಾಗಿತ್ತು. ನಿಜಾಂ ಕಾಲೇಜಿನಲ್ಲಿ ಓದುತ್ತಿದ್ದಾಗಲೇ ಅವರು ಬೆಳಕು ಏರಿಳಿಯುವ ಚರತಾರೆಗಳನ್ನು ಗಮನಿಸಿ ಲೇಖನಗಳನ್ನು ಪ್ರಕಟಿಸಿದ್ದರು.

ಭಾರತಕ್ಕೆ ಬಂದಿದ್ದ ಹಾರ್ವರ್ಡ್ ವೀಕ್ಷಣಾಲಯದ ನಿರ್ದೇಶಕ ಹಾರ್ಲೋ ಶೇಪ್ಲಿ ಅವರ ಭೇಟಿ ಈ ತರುಣನ ಹಾದಿಯನ್ನು ಬದಲಿಸಿತು. ನಮ್ಮ ಸೂರ್ಯ ಆಕಾಶಗಂಗೆಯ ನಡುವೆ ಇಲ್ಲ, ಅದರ ಅಂಚಿನತ್ತ ಇದೆಯೆಂದು ತೋರಿಸಿಕೊಟ್ಟವರು ಶೇಪ್ಲಿ. ಹೈದರಾಬಾದ್ ಸರ್ಕಾರದ ವಿದ್ಯಾರ್ಥಿವೇತನ ಪಡೆದು ಬಪ್ಪು 1949ರಲ್ಲಿ ಹಾರ್ವರ್ಡ್ ಸೇರಿದರು. ಸೇರಿದ ಕೆಲವೇ ತಿಂಗಳುಗಳಲ್ಲಿ, ಜುಲೈ 2ರ ರಾತ್ರಿ ತೆಗೆದ ಛಾಯಾಫಲಕದಲ್ಲಿ ಅವರಿಗೊಂದು ಅಪರಿಚಿತ ಧೂಮಕೇತು ಕಾಣಿಸಿತು. ಅಧ್ಯಾಪಕ ಬಾರ್ಟ್ ಬಾಕ್ ಮತ್ತು ಸಹಪಾಠಿ ಗಾರ್ಡನ್ ನ್ಯೂಕರ್ಕ್ ಅದನ್ನು ಖಚಿತಪಡಿಸಿದರು. ಅಂದಿನಿಂದ ಅದು ಬಪ್ಪು-ಬಾಕ್-ನ್ಯೂಕರ್ಕ್ ಧೂಮಕೇತು. ಪೆಸಿಫಿಕ್ ಖಗೋಳ ಸಂಘ ಅವರಿಗೆ ಡೊನೊಹೊ ಪದಕವನ್ನು ನೀಡಿತು.

ಧೂಮಕೇತುವಿನೊಡನೆ ಹೆಸರು ಹಂಚಿಕೊಂಡ ಬಾಕ್ ಅವರು ಆ ಕಾಲದಲ್ಲಿ ಬೇರೊಂದು ಪ್ರಶ್ನೆಯ ಬೆನ್ನು ಹತ್ತಿದ್ದರು. ಉಜ್ವಲ ನೀಹಾರಿಕೆಗಳ ಮುಂದೆ ಮಸಿಯ ಬೊಟ್ಟುಗಳಂತೆ ತೋರುವ ಸಣ್ಣ ಕಪ್ಪು ಮೋಡಗಳೇ ನಕ್ಷತ್ರಗಳು ಹುಟ್ಟುವ ತಾಣವೆಂದು 1947ರಲ್ಲಿ ಅವರು ಮಂಡಿಸಿದ್ದರು. ಅನಿಲ ಮತ್ತು ಧೂಳಿನ ತಣ್ಣನೆಯ ಮೋಡ ತನ್ನದೇ ಭಾರಕ್ಕೆ ಕುಸಿಯುತ್ತದೆ. ಕುಸಿದಂತೆ ಒಳಗೆ ಬಿಸಿಯೇರುತ್ತದೆ. ತಾಪ ಸುಮಾರು ಒಂದು ಕೋಟಿ ಡಿಗ್ರಿ ತಲುಪಿದಾಗ ಜಲಜನಕ ಹೀಲಿಯಂ ಆಗತೊಡಗಿ ತಾರೆ ಹೊತ್ತಿಕೊಳ್ಳುತ್ತದೆ. ಆ ಕಪ್ಪು ಮೋಡಗಳೊಳಗೆ ಎಳೆಯ ತಾರೆಗಳಿರುವುದನ್ನು ಅವಕೆಂಪು ಬೆಳಕಿನ ವೀಕ್ಷಣೆಗಳು ಖಚಿತಪಡಿಸಿದ್ದು 1990ರಲ್ಲಿ, ಬಾಕ್ ತೀರಿಕೊಂಡ ಏಳು ವರ್ಷಗಳ ಬಳಿಕ. ತಾರೆಗಳ ಹುಟ್ಟು-ಸಾವುಗಳ ಚರ್ಚೆ ಇಷ್ಟು ಬಿಸಿಯಾಗಿದ್ದ ವಾತಾವರಣದಲ್ಲಿ ಬಪ್ಪು ಅವರ ವೈಜ್ಞಾನಿಕ ಮನಸ್ಸು ರೂಪುಗೊಂಡಿತು.

ಸುಣ್ಣದ ಧಾತು ಹೇಳಿದ ಗುಟ್ಟು

ಹಾರ್ವರ್ಡ್‌ನಲ್ಲಿ ಡಾಕ್ಟರೇಟ್ ಮುಗಿಸಿದ ಬಪ್ಪು, ಕಾರ್ನೆಗಿ ಫೆಲೋಶಿಪ್ ಪಡೆದು ಕ್ಯಾಲಿಫೋರ್ನಿಯದ ಮೌಂಟ್ ವಿಲ್ಸನ್ ಮತ್ತು ಪಾಲೊಮಾರ್ ವೀಕ್ಷಣಾಲಯಗಳಿಗೆ ಹೋದರು. ಅಲ್ಲಿ ಹಿರಿಯ ವಿಜ್ಞಾನಿ ಆಲಿನ್ ವಿಲ್ಸನ್ ಅವರೊಡನೆ ಕೈಗೊಂಡ ಕೆಲಸವೇ ಅವರ ಹೆಸರನ್ನು ಶಾಶ್ವತಗೊಳಿಸಿತು.

ನಕ್ಷತ್ರದ ಬೆಳಕನ್ನು ಬಣ್ಣಗಳಾಗಿ ಬಿಡಿಸಿದರೆ ದೊರೆಯುವ ವರ್ಣಪಟಲದಲ್ಲಿ ಕಪ್ಪು ಗೆರೆಗಳಿರುತ್ತವೆ. ಪ್ರತಿಯೊಂದು ಗೆರೆಯೂ ಒಂದೊಂದು ಮೂಲಧಾತುವಿನ ಗುರುತು. ನೇರಳೆ ಅಂಚಿನಲ್ಲಿ, 393 ಮತ್ತು 397 ನ್ಯಾನೊಮೀಟರ್‌ಗಳ ಸುಮಾರಿಗೆ ಇರುವ ಎರಡು ದಟ್ಟ ಗೆರೆಗಳು ಕ್ಯಾಲ್ಸಿಯಂ ಧಾತುವಿನವು. ನಮ್ಮ ಮೂಳೆಯಲ್ಲಿರುವ, ಗೋಡೆಗೆ ಬಳಿಯುವ ಸುಣ್ಣದಲ್ಲಿರುವ ಅದೇ ಕ್ಯಾಲ್ಸಿಯಂ. ಸೂರ್ಯನಷ್ಟು ಅಥವಾ ಅದಕ್ಕಿಂತ ತಂಪಾದ ತಾರೆಗಳಲ್ಲಿ ಈ ಕಪ್ಪು ಗೆರೆಯ ಒಡಲಲ್ಲಿಯೇ ಸಣ್ಣದೊಂದು ಹೊಳೆಯುವ ಎಳೆ ಕಾಣಿಸುತ್ತದೆ. ಅದು ತಾರೆಯ ಮೇಲ್ಮೈಗಿಂತ ಎತ್ತರದಲ್ಲಿರುವ ವರ್ಣಗೋಳವೆಂಬ ತೆಳು ಪದರದಿಂದ ಬರುವ ಬೆಳಕು.

ವಿಲ್ಸನ್ ಮತ್ತು ಬಪ್ಪು 185 ನಕ್ಷತ್ರಗಳಲ್ಲಿ ಈ ಹೊಳೆಯುವ ಎಳೆಯ ಅಗಲವನ್ನು ಅಳೆದರು. ಅಗಲವು ತಾರೆಯ ತಾಪವನ್ನಾಗಲೀ ಎಳೆಯ ಪ್ರಖರತೆಯನ್ನಾಗಲೀ ಅವಲಂಬಿಸಿರಲಿಲ್ಲ. ತಾರೆಯ ನಿಜವಾದ ಪ್ರಕಾಶ ಹೆಚ್ಚಿದಷ್ಟೂ ಎಳೆ ಅಗಲವಾಗುತ್ತಿತ್ತು. ಮಂಕಾದ ಕುಬ್ಜ ತಾರೆಯಿಂದ ಹಿಡಿದು ಅದಕ್ಕಿಂತ ಹತ್ತು ಲಕ್ಷ ಪಟ್ಟು ಪ್ರಕಾಶಮಾನವಾದ ಮಹಾದೈತ್ಯದವರೆಗೆ ಎಲ್ಲವೂ ನಕ್ಷೆಯಲ್ಲಿ ಒಂದೇ ಸರಳರೇಖೆಯ ಮೇಲೆ ಬಂದು ಕುಳಿತವು. 1957ರಲ್ಲಿ ಪ್ರಕಟವಾದ ಈ ಶೋಧ ವಿಲ್ಸನ್-ಬಪ್ಪು ಪರಿಣಾಮವೆಂದು ಪ್ರಸಿದ್ಧವಾಯಿತು.

ಇದರ ಬೆಲೆ ಏನೆಂಬುದಕ್ಕೆ ರೋಹಿಣಿಯೇ ಒಳ್ಳೆಯ ನಿದರ್ಶನ. ಬರಿಗಣ್ಣಿಗೆ ರೋಹಿಣಿಯು ಅದರ ಸುತ್ತಲಿನ ಹಯಾಡಿಸ್ ತಾರಾಗುಚ್ಛದ ಒಡತಿಯಂತೆ ತೋರುತ್ತದೆ. ವಾಸ್ತವದಲ್ಲಿ ರೋಹಿಣಿ ನಮ್ಮಿಂದ ಸುಮಾರು 65 ಜ್ಯೋತಿರ್ವರ್ಷ ದೂರದಲ್ಲಿದ್ದರೆ, ಆ ಗುಚ್ಛವಿರುವುದು ಸುಮಾರು 150 ಜ್ಯೋತಿರ್ವರ್ಷ ಆಚೆ. ಕಣ್ಣಿಗೆ ಜೊತೆಗಾರರು, ನೆಲೆಯಲ್ಲಿ ಅಪರಿಚಿತರು. ನಿಜವಾದ ಪ್ರಕಾಶ ತಿಳಿದರೆ, ಕಾಣುವ ಪ್ರಕಾಶದೊಡನೆ ಹೋಲಿಸಿ ದೂರವನ್ನು ಹೇಳಬಹುದು. ದೂರ ತಿಳಿದರೆ ತಾರೆಯ ಗಾತ್ರ, ಅದರ ಬಾಳಿನ ಘಟ್ಟ, ಆಕಾಶಗಂಗೆಯಲ್ಲಿ ಅದರ ಸ್ಥಾನ ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ. ಗ್ಯಾಲಕ್ಸಿಗಳ ರಚನೆಯನ್ನು ಅರಿಯುವ ಏಣಿಯ ಕೆಳಗಿನ ಮೆಟ್ಟಿಲುಗಳು ಇಂತಹವೇ. 1989ರಲ್ಲಿ ಹಾರಿದ ಹಿಪಾರ್ಕಸ್ ಉಪಗ್ರಹ ದೂರಗಳನ್ನು ನೇರವಾಗಿ ಅಳೆದ ಮೇಲೆ ವಿಲ್ಸನ್-ಬಪ್ಪು ರೇಖೆಯನ್ನು ಇನ್ನಷ್ಟು ನಿಖರವಾಗಿ ತಿದ್ದಿ ಬರೆಯಲು ಸಾಧ್ಯವಾಯಿತು. ರೇಖೆ ಮಾತ್ರ ಉಳಿಯಿತು.

ಮರಳಿ ಬಂದವರು

ಜಗತ್ತಿನ ಅತಿ ದೊಡ್ಡ ದೂರದರ್ಶಕಗಳು ಕೈಗೆಟಕುವ ದೂರದಲ್ಲಿದ್ದಾಗ, 1953ರಲ್ಲಿ ಬಪ್ಪು ಭಾರತಕ್ಕೆ ಮರಳಿದರು. ಅಂದು ದೇಶದಲ್ಲಿ ದೂರದ ತಾರೆಗಳ ವರ್ಣಪಟಲವನ್ನು ತೃಪ್ತಿಕರವಾಗಿ ತೆಗೆಯಬಲ್ಲ ದೊಡ್ಡ ಉಪಕರಣವೇ ಇರಲಿಲ್ಲ. ಅವರ ನಿರ್ಧಾರದ ತೂಕ ತಿಳಿಯುವುದು ಇಲ್ಲಿ. ಸ್ವಂತ ಸಂಶೋಧನೆಯ ಉತ್ತಮ ವರ್ಷಗಳನ್ನು ಅವರು ಜಾಗ ಹುಡುಕುವುದಕ್ಕೆ, ಯಂತ್ರ ಕಟ್ಟುವುದಕ್ಕೆ, ತರುಣರನ್ನು ತರಬೇತುಗೊಳಿಸುವುದಕ್ಕೆ ಮೀಸಲಿಡಬೇಕಾಯಿತು.

1954ರಲ್ಲಿ ಅವರು ಉತ್ತರಪ್ರದೇಶ ಸರ್ಕಾರದ ಹೊಸ ವೀಕ್ಷಣಾಲಯದ ಮುಖ್ಯಸ್ಥರಾದರು. ವಾರಾಣಸಿಯಲ್ಲಿ ಆರಂಭವಾಗಿದ್ದ ಅದನ್ನು ಶುಭ್ರ ಆಗಸವಿರುವ ನೈನಿತಾಲಿಗೆ ಸ್ಥಳಾಂತರಿಸಿದರು. 1960ರಲ್ಲಿ, ಇನ್ನೂ 33 ತುಂಬುವ ಆಸುಪಾಸಿನಲ್ಲಿ, ಕೊಡೈಕನಾಲ್ ವೀಕ್ಷಣಾಲಯದ ನಿರ್ದೇಶಕರಾದರು. ಈ ವೀಕ್ಷಣಾಲಯದ ಪೂರ್ವಜ, ಈಸ್ಟ್ ಇಂಡಿಯಾ ಕಂಪನಿ 1792ರಲ್ಲಿ ಕಟ್ಟಿಸಿದ ಮದರಾಸು ವೀಕ್ಷಣಾಲಯ. 1953ರ ಅಕ್ಟೋಬರ್‌ನಲ್ಲಿ ಮೈಸೂರಿಗೆ ಸೇರುವವರೆಗೆ ಹಡಗಲಿ, ಹರಪನಹಳ್ಳಿ, ಕೂಡ್ಲಿಗಿಗಳು ಇದೇ ಮದರಾಸಿನ ಆಡಳಿತಕ್ಕೆ ಒಳಪಟ್ಟಿದ್ದವೆಂಬುದು ಇಲ್ಲಿ ನೆನೆಯತಕ್ಕದ್ದು.

ಕೊಡೈಕನಾಲ್ ಮುಖ್ಯವಾಗಿ ಸೂರ್ಯನ ವೀಕ್ಷಣಾಲಯ. ತಾರೆಗಳಿಗಾಗಿ ಬಪ್ಪು ಹೊಸ ನೆಲೆಯನ್ನು ಅರಸಿದರು. ದಕ್ಷಿಣಕ್ಕಿದ್ದಷ್ಟೂ ಆಕಾಶಗಂಗೆಯ ಕೇಂದ್ರಭಾಗ ಹಾಗೂ ದಕ್ಷಿಣದ ತಾರೆಗಳು ಚೆನ್ನಾಗಿ ದಕ್ಕುತ್ತವೆ. ಕೊನೆಗೆ ಆಯ್ಕೆಯಾದದ್ದು ತಮಿಳುನಾಡಿನ ಜವ್ವಾದಿ ಬೆಟ್ಟಗಳ ನಡುವಿನ ಕಾವಲೂರು. 1968ರಲ್ಲಿ ಅಲ್ಲಿ ನಿಂತ ಮೊದಲ ದೂರದರ್ಶಕದ ವ್ಯಾಸ ಕೇವಲ 38 ಸೆಂಟಿಮೀಟರ್. ಅದೂ ಕೊಡೈಕನಾಲಿನ ಕಾರ್ಯಾಗಾರದಲ್ಲಿಯೇ ತಯಾರಾದದ್ದು. 1972ರಲ್ಲಿ ಜರ್ಮನಿಯಿಂದ ಒಂದು ಮೀಟರ್ ದೂರದರ್ಶಕ ಬಂದಿತು. ಆ ವರ್ಷವೇ ಗುರುವಿನ ಉಪಗ್ರಹ ಗ್ಯಾನಿಮೀಡ್‌ಗೆ ತೆಳು ವಾತಾವರಣವಿರುವ ಸುಳಿವು ಅದಕ್ಕೆ ದೊರೆಯಿತು. 1977ರ ಮಾರ್ಚ್ 10ರಂದು ಯುರೇನಸ್ ಗ್ರಹ ನಕ್ಷತ್ರವೊಂದನ್ನು ಮರೆಮಾಡಿದಾಗ, ಗ್ರಹದ ಉಂಗುರಗಳ ಕುರುಹನ್ನು ದಾಖಲಿಸಿದ ತಂಡಗಳಲ್ಲಿ ಕಾವಲೂರಿನ ತಂಡವೂ ಒಂದು.

ಬೆಂಗಳೂರಿನ ಕನ್ನಡಿ

1971ರ ಏಪ್ರಿಲ್ 1ರಂದು ಭಾರತೀಯ ಖಭೌತ ಸಂಸ್ಥೆ ಸ್ವಾಯತ್ತ ಸಂಸ್ಥೆಯಾಯಿತು. ಅದರ ಕೇಂದ್ರ ಬೆಂಗಳೂರಿನ ಕೋರಮಂಗಲದಲ್ಲಿ ತಲೆಯೆತ್ತಿತು. ಬಪ್ಪು ಅದರ ಮೊದಲ ನಿರ್ದೇಶಕರು.

1980ರ ಫೆಬ್ರುವರಿ 16ರ ಸಂಪೂರ್ಣ ಸೂರ್ಯಗ್ರಹಣದ ನೆರಳು ಉತ್ತರ ಕರ್ನಾಟಕದ ಮೇಲೆ ಹಾದುಹೋಯಿತು. ಸಂಸ್ಥೆಯ ವಿಜ್ಞಾನಿಗಳು ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಬೀಡುಬಿಟ್ಟರು. ಬಹಳಷ್ಟು ಜನ ಕದ ಮುಚ್ಚಿ ಒಳಗೆ ಕುಳಿತಿದ್ದ ಆ ಮಧ್ಯಾಹ್ನ, ಸೂರ್ಯಬಿಂಬ ಮರೆಯಾಗುವ ಕ್ಷಣದಲ್ಲಿ ಅಂಚಿನಲ್ಲಿ ಮಿಂಚುವ ಕೆಂಬಣ್ಣದ ಪದರವೇ ವರ್ಣಗೋಳ. ದೂರದ ತಾರೆಗಳಲ್ಲಿ ಬಪ್ಪು ಅಳೆದ ಹೊಳೆಯುವ ಎಳೆ ಹುಟ್ಟುವುದು ಇಂತಹದೇ ಪದರದಲ್ಲಿ. ಸೂರ್ಯನನ್ನು ಹತ್ತಿರದ ತಾರೆಯೆಂದು, ತಾರೆಯನ್ನು ದೂರದ ಸೂರ್ಯನೆಂದು ಓದುವುದು ಅವರ ಅಧ್ಯಯನದ ಕ್ರಮವಾಗಿತ್ತು.

ಆ ವೇಳೆಗೆ ಅವರ ಮನಸ್ಸನ್ನು ಆವರಿಸಿದ್ದುದು 2.34 ಮೀಟರ್ ವ್ಯಾಸದ ದೂರದರ್ಶಕ. ಕಾವಲೂರಿನ ಒಂದು ಮೀಟರ್ ದೂರದರ್ಶಕಕ್ಕಿಂತ ಸುಮಾರು ಐದು ಪಟ್ಟು ಹೆಚ್ಚು ಬೆಳಕನ್ನು ಹಿಡಿಯಬಲ್ಲ ಇದನ್ನು ಸಿದ್ಧವಾಗಿ ಕೊಳ್ಳುವುದು ಬೇಡ, ನಮ್ಮಲ್ಲೇ ಮಾಡೋಣವೆಂಬುದು ಅವರ ಹಟ. ಕನ್ನಡಿಯ ಗಾಜು ಮಾತ್ರ ಜರ್ಮನಿಯಿಂದ ಬಂದಿತು. ಅದನ್ನು ಉಜ್ಜಿ, ಒರೆದು, ಬೆಳಕಿನ ಅಲೆಯ ಅಳತೆಗೂ ತಪ್ಪದಂತೆ ತಿದ್ದುವ ಕೆಲಸ ಬೆಂಗಳೂರಿನ ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ನಡೆಯಿತು. ಭಾರೀ ಲೋಹದ ಭಾಗಗಳು ಮಹಾರಾಷ್ಟ್ರದ ವಾಲ್‌ಚಂದ್‌ನಗರದಲ್ಲಿ ತಯಾರಾದವು.

ಗೌರವಗಳು ಅವರನ್ನು ಅರಸಿ ಬಂದವು. 1970ರಲ್ಲಿ ಭಟ್ನಾಗರ್ ಪ್ರಶಸ್ತಿ, 1981ರಲ್ಲಿ ಪದ್ಮಭೂಷಣ. 1979ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷರಾದಾಗ ಆ ಸ್ಥಾನಕ್ಕೇರಿದ ಮೊದಲ ಭಾರತೀಯರೆನಿಸಿದರು. 1982ರ ಆಗಸ್ಟ್‌ನಲ್ಲಿ ಗ್ರೀಸಿನ ಪಾಟ್ರಾಸ್ ನಗರದಲ್ಲಿ ಒಕ್ಕೂಟದ ಮಹಾಧಿವೇಶನ ಸೇರಿತು. ಅಧ್ಯಕ್ಷರು ಅಲ್ಲಿರಲಿಲ್ಲ, ಹೃದಯದ ಶಸ್ತ್ರಚಿಕಿತ್ಸೆಗಾಗಿ ಮ್ಯೂನಿಕ್‌ನಲ್ಲಿದ್ದರು. ಅಧಿವೇಶನ ನಡೆಯುತ್ತಿದ್ದಾಗಲೇ, ಆಗಸ್ಟ್ 19ರಂದು, ಅವರು ಕೊನೆಯುಸಿರೆಳೆದರು. 55 ತುಂಬಿ ಒಂಬತ್ತೇ ದಿನಗಳಾಗಿದ್ದವು.

ಉಳಿದ ಬೆಳಕು

ದೂರದರ್ಶಕದ ಕೆಲಸ ನಿಲ್ಲಲಿಲ್ಲ. ಅವರು ತರಬೇತುಗೊಳಿಸಿದ ಕೈಗಳೇ ಅದನ್ನು ಪೂರ್ಣಗೊಳಿಸಿದವು. 1986ರ ಜನವರಿ 6ರಂದು ಪ್ರಧಾನಿ ರಾಜೀವ್ ಗಾಂಧಿ ಅದಕ್ಕೂ ಕಾವಲೂರಿನ ವೀಕ್ಷಣಾಲಯಕ್ಕೂ ವೈನು ಬಪ್ಪು ಅವರ ಹೆಸರಿಟ್ಟರು. ಮುಂದೆ ಅದೇ ಸಂಸ್ಥೆ ಲಡಾಖಿನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿ, ಎರಡು ಮೀಟರ್ ದೂರದರ್ಶಕವನ್ನು ಸ್ಥಾಪಿಸಿತು. ಅದನ್ನು ದೂರನಿಯಂತ್ರಣದಿಂದ ನಡೆಸುವ ಕೇಂದ್ರವಿರುವುದು ಬೆಂಗಳೂರಿನ ಬಳಿಯ ಹೊಸಕೋಟೆಯಲ್ಲಿ. ಹಿಮಾಲಯದಾಚೆಯ ಇರುಳಿನಲ್ಲಿ ಸಿಡಿಯುವ ಸೂಪರ್‌ನೋವಾಗಳನ್ನು ಕನ್ನಡನಾಡಿನಲ್ಲಿ ಕುಳಿತು ಗಮನಿಸುವುದು ಇಂದು ದಿನನಿತ್ಯದ ಕೆಲಸ.

ಭಾರೀ ತಾರೆಗಳು ಹೀಗೆ ಸಿಡಿದು ಸಾಯುವಾಗ ತಮ್ಮ ಒಡಲಲ್ಲಿ ಬೇಯಿಸಿದ ಧಾತುಗಳನ್ನು ಬಯಲಿಗೆ ಚೆಲ್ಲುತ್ತವೆ. ಆ ಧೂಳು ಮತ್ತೆ ಮೋಡವಾಗಿ, ಮೋಡ ಮತ್ತೆ ಕುಸಿದು, ಹೊಸ ತಾರೆಗಳೂ ಅವುಗಳ ಸುತ್ತ ಗ್ರಹಗಳೂ ಹುಟ್ಟುತ್ತವೆ. ಸುಮಾರು 460 ಕೋಟಿ ವರ್ಷಗಳ ಹಿಂದೆ ಸೂರ್ಯನೂ ಭೂಮಿಯೂ ಹುಟ್ಟಿದ್ದು ಹೀಗೆಯೇ. ಕೂಡ್ಲಿಗಿಗೆ ಹೊಂದಿಕೊಂಡ ಸಂಡೂರಿನ ಬೆಟ್ಟಗಳಿಂದ ತೆಗೆಯುವ ಅದಿರಿನ ಕಬ್ಬಿಣವೂ, ಬಪ್ಪು ಅವರು ಬಾಳಿಡೀ ಬೆನ್ನುಹತ್ತಿದ ಕ್ಯಾಲ್ಸಿಯಂ ಕೂಡ ಎಂದೋ ಆರಿಹೋದ ತಾರೆಗಳ ಉಳಿಕೆ.

ಮಂಗಳ ಮತ್ತು ಗುರು ಗ್ರಹಗಳ ನಡುವೆ ಸುತ್ತುವ 2596ನೆಯ ಕ್ಷುದ್ರಗ್ರಹಕ್ಕೆ ವೈನು ಬಪ್ಪು ಎಂಬ ಹೆಸರಿದೆ. ಆದರೆ ಅವರ ನಿಜವಾದ ಸ್ಮಾರಕ ನೆಲದ ಮೇಲಿದೆ. ತಾವು ಕಟ್ಟಿದ ದೊಡ್ಡ ದೂರದರ್ಶಕದ ಮೂಲಕ ಒಂದು ತಾರೆಯನ್ನೂ ನೋಡುವ ಭಾಗ್ಯ ಅವರಿಗೆ ಒದಗಲಿಲ್ಲ. ನೋಡುವವರ ತಲೆಮಾರುಗಳನ್ನು ಮಾತ್ರ ಅವರು ಬಿಟ್ಟುಹೋದರು.