ಮಹಮೂದ್ ಗವಾನ್

ಮಹಮೂದ್ ಗವಾನ್ (೧೪೧೧–೧೪೮೧) ಬಹಮನಿ ರಾಜ್ಯದ ಪ್ರಧಾನಮಂತ್ರಿ, ಸೇನಾನಿ ಹಾಗೂ ವಿದ್ವಾಂಸ. ಬೀದರ್ ನಗರದ ಪ್ರಸಿದ್ಧ ಮದರಸಾದ ನಿರ್ಮಾತೃ. ಈತನ ಹೆಸರು ಮಹಮ್ಮದ್ ಗವಾನ್ ಎಂದೂ ಬಳಕೆಯಲ್ಲಿದೆ. ವ್ಯಾಪಾರಕ್ಕೆಂದು ಪರ್ಷಿಯಾದಿಂದ ಬಂದ ಈತ ಬಂದರು, ಕೋಟೆ, ಭೂಕಂದಾಯ ಮತ್ತು ವಿದ್ಯಾಲಯಗಳ ಮೂಲಕ ದಖ್ಖನ್ನಿನ ಆಡಳಿತಕ್ಕೆ ಹೊಸ ತಳಹದಿ ಹಾಕಲು ಯತ್ನಿಸಿದನು. ಆ ಯತ್ನವೇ ಅವನಿಗೆ ಪ್ರಬಲ ಶತ್ರುಗಳನ್ನು ತಂದಿತು.

ಆರಂಭಿಕ ಜೀವನ

ಗವಾನ್ ಹುಟ್ಟಿದ್ದು ಕ್ಯಾಸ್ಪಿಯನ್ ಸಮುದ್ರದ ದಕ್ಷಿಣಕ್ಕಿರುವ ಗಿಲಾನ್ ಪ್ರಾಂತ್ಯದಲ್ಲಿ. ಪೂರ್ವಿಕರು ಅಲ್ಲಿನ ಅರಸರ ಮಂತ್ರಿಗಳಾಗಿದ್ದರು. ಆಸ್ಥಾನದ ಒಳಜಗಳಗಳಿಂದ ಬೇಸತ್ತು ನಾಡು ಬಿಟ್ಟ ಈತ ವರ್ತಕವೃತ್ತಿಯನ್ನು ಹಿಡಿದನು. ಸುಮಾರು ೧೪೫೩ರಲ್ಲಿ ಕೊಂಕಣದ ದಾಭೋಳ ಬಂದರಿಗೆ ಬಂದಿಳಿದು, ಅಲ್ಲಿಂದ ಬೀದರ್ ತಲುಪಿದನು. ದೆಹಲಿಗೆ ಮುಂದುವರಿಯುವ ಆಲೋಚನೆಯಲ್ಲಿದ್ದವನನ್ನು ಸುಲ್ತಾನ ಎರಡನೆಯ ಅಲಾವುದ್ದೀನ್ ಅಹಮದ್ ಷಾ ತನ್ನ ಆಸ್ಥಾನದಲ್ಲೇ ಉಳಿಸಿಕೊಂಡನು.

ಬೀದರ್ ಆಗ ಇನ್ನೂ ಹೊಸ ರಾಜಧಾನಿ. ಒಂದನೆಯ ಅಹಮದ್ ಷಾ (ಆಳ್ವಿಕೆ ೧೪೨೨–೧೪೩೬) ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ವರ್ಗಾಯಿಸಿದ ಮೇಲೆ ಕೋಟೆ, ಅರಮನೆ, ನೀರಿನ ವ್ಯವಸ್ಥೆ ಎಲ್ಲವೂ ಬೇಕಾಗಿದ್ದವು. ಪರ್ಷಿಯಾ ಮತ್ತು ಮಧ್ಯ ಏಷ್ಯಾದಿಂದ ವರ್ತಕರು, ಕುಶಲಕರ್ಮಿಗಳು, ವಿದ್ವಾಂಸರು ಅವಕಾಶ ಹುಡುಕಿ ಬರುತ್ತಿದ್ದರು. ನೌಬಾದ್ ಬಳಿ ಜಂಬಿಟ್ಟಿಗೆ ಕಲ್ಲಿನಲ್ಲಿ ಕೊರೆದಿರುವ ಕರೇಜ್ ಎಂಬ ಭೂಗತ ಕಾಲುವೆಯೂ ಪರ್ಷಿಯಾದ ತಂತ್ರಜ್ಞಾನದ್ದೇ. ಹೊರಗಿನಿಂದ ಹೀಗೆ ಬಂದವರನ್ನು ಅಫಾಕಿಗಳೆಂದೂ ಮೊದಲಿನಿಂದ ನೆಲೆಸಿದ್ದವರನ್ನು ದಖ್ಖನಿಗಳೆಂದೂ ಕರೆಯುತ್ತಿದ್ದರು. ಇವರಿಬ್ಬರ ವೈಮನಸ್ಸು ಬಹಮನಿ ಇತಿಹಾಸದುದ್ದಕ್ಕೂ ಕಾಣುತ್ತದೆ.

ಅಧಿಕಾರ ಮತ್ತು ಸುಧಾರಣೆಗಳು

ಹುಮಾಯೂನ್ ಷಾ (೧೪೫೮–೧೪೬೧) ಗವಾನನಿಗೆ ವರ್ತಕರ ಒಡೆಯ ಎಂಬರ್ಥದ ಮಲಿಕ್-ಉತ್-ತುಜ್ಜಾರ್ ಬಿರುದನ್ನಿತ್ತನು. ಮುಂದೆ ಬಾಲಕ ಸುಲ್ತಾನರ ಕಾಲದಲ್ಲಿ ರಾಜಮಾತೆಯೊಡನೆ ಆಡಳಿತ ಮಂಡಲಿಯಲ್ಲಿದ್ದ ಈತ, ಮೂರನೆಯ ಮುಹಮ್ಮದ್ ಷಾನ ಆಳ್ವಿಕೆಯಲ್ಲಿ, ೧೪೬೬ರ ಸುಮಾರಿಗೆ, ಪ್ರಧಾನಿಯಾದನು.

ಬಹಮನಿ ಅಶ್ವದಳಕ್ಕೆ ಬೇಕಾದ ಕುದುರೆಗಳು ಅರೇಬಿಯಾ, ಪರ್ಷಿಯಾಗಳಿಂದ ಹಡಗಿನಲ್ಲಿ ಬರುತ್ತಿದ್ದವು. ಕರಾವಳಿಯ ಪಾಳೆಯಗಾರರು ಅವುಗಳನ್ನು ಸುಲಿಯುತ್ತಿದ್ದರು. ಗವಾನ್ ೧೪೬೯ರಿಂದ ಕೊಂಕಣದಲ್ಲಿ ದಂಡಯಾತ್ರೆ ನಡೆಸಿ, ೧೪೭೨ರಲ್ಲಿ ವಿಜಯನಗರದ ವಶದಲ್ಲಿದ್ದ ಗೋವಾ ಬಂದರನ್ನು ಗೆದ್ದನು. ಮರುವರ್ಷ ಬೆಳಗಾವಿ ಕೋಟೆಯೂ ಬಹಮನಿಗಳ ಕೈಸೇರಿತು. ಇದೇ ಕಾಲದಲ್ಲಿ ಬೀದರಿಗೆ ಬಂದು ತನ್ನ ಕುದುರೆಯನ್ನು ಮಾರಿದ ರಷ್ಯದ ವರ್ತಕ ಅಫನಾಸಿ ನಿಕಿಟಿನ್ ಸರದಾರರ ಐಶ್ವರ್ಯವನ್ನೂ ಹಳ್ಳಿಗರ ಬಡತನವನ್ನೂ ದಾಖಲಿಸಿದ್ದಾನೆ. ಗವಾನನ ಕಾಲವನ್ನು ಸುವರ್ಣಯುಗವೆಂದು ಹೊಗಳುವಾಗ ಈ ಎರಡನೆಯ ಮಾತನ್ನು ಮರೆಯಬಾರದು.

ಅವನ ಆಡಳಿತ ಸುಧಾರಣೆಗಳಲ್ಲಿ ಮುಖ್ಯವಾದುದು ತರಫ್ ಎಂಬ ಪ್ರಾಂತ್ಯಗಳ ಪುನರ್ವಿಂಗಡಣೆ. ನಾಲ್ಕು ದೊಡ್ಡ ಪ್ರಾಂತ್ಯಗಳನ್ನು ಎಂಟಾಗಿ ಒಡೆದು, ಪ್ರತಿ ತರಫದಾರನ ಕೈಯಲ್ಲಿ ಒಂದೇ ಕೋಟೆಯನ್ನು ಉಳಿಸಿದನು; ಮಿಕ್ಕ ಕೋಟೆಗಳಿಗೆ ಅಧಿಕಾರಿಗಳ ನೇಮಕ ಕೇಂದ್ರದಿಂದಲೇ ನಡೆಯತೊಡಗಿತು. ಭೂಮಿಯನ್ನು ಅಳೆದು ಕಂದಾಯ ನಿಗದಿಪಡಿಸುವ ಕ್ರಮವನ್ನೂ ಆರಂಭಿಸಿದನು. ಇದರ ಅಗತ್ಯವನ್ನು ತಿಳಿಯಲು ರಾಜಧಾನಿಯ ಸುತ್ತಲಿನ ನೆಲವನ್ನು ನೋಡಿದರೆ ಸಾಕು: ಬೀದರ್ ಪ್ರಸ್ಥಭೂಮಿಯ ಕೆಂಪು ನೆಲದಿಂದ ಭಾಲ್ಕಿ, ಔರಾದ ಕಡೆಗೆ ಇಳಿದರೆ ಮಾಂಜ್ರಾ ನದಿ ಬಯಲಿನ ಎರೆಭೂಮಿ ಸಿಗುತ್ತದೆ. ಎರಡರ ಬೆಳೆಯೂ ಒಂದಲ್ಲ, ಇಳುವರಿಯೂ ಒಂದಲ್ಲ. ಆದರೆ ಅಳತೆ ನಡೆದರೆ ಲೆಕ್ಕ ಹೊರಬೀಳುತ್ತದೆ. ಸರದಾರರಿಗೆ ಬೇಡವಾಗಿದ್ದುದೂ ಅದೇ.

ಮದರಸಾ

೧೪೭೨ರಲ್ಲಿ ಪೂರ್ಣಗೊಂಡ ಮದರಸಾ ಮೂರು ಅಂತಸ್ತಿನ ಕಟ್ಟಡ. ಸುಮಾರು ೨೦೫ ಅಡಿ ಉದ್ದ, ೧೮೦ ಅಡಿ ಅಗಲ. ನಡುವೆ ತೆರೆದ ಅಂಗಳ. ಸುತ್ತಲೂ ಬೋಧನಾ ಸಭಾಂಗಣಗಳು, ಮಸೀದಿ, ಗ್ರಂಥಾಲಯ ಮತ್ತು ವಾಸದ ಕೋಣೆಗಳು. ವಿನ್ಯಾಸ ಪರ್ಷಿಯಾ ಹಾಗೂ ಸಮರ್‌ಖಂಡದ ವಿದ್ಯಾಲಯಗಳದ್ದು. ಮುಂಭಾಗವನ್ನು ನೀಲಿ, ಹಳದಿ, ಬಿಳಿ ಬಣ್ಣಗಳ ಹೊಳಪಿನ ಹೆಂಚುಬಿಲ್ಲೆಗಳಿಂದ ಅಲಂಕರಿಸಲಾಗಿತ್ತು. ಗ್ರಂಥಾಲಯದಲ್ಲಿ ೩,೦೦೦ ಹಸ್ತಪ್ರತಿಗಳಿದ್ದವೆಂದು ಹೇಳಲಾಗುತ್ತದೆ. ಗವಾನ್ ಸ್ವತಃ ಬರಹಗಾರ. ಅವನ ಪತ್ರಗಳ ಸಂಕಲನ ರಿಯಾಜ್-ಉಲ್-ಇನ್ಷಾ ಆ ಕಾಲದ ಇತಿಹಾಸಕ್ಕೆ ಮುಖ್ಯ ಆಕರ. ಪರ್ಷಿಯನ್ ಕವಿ ಜಾಮಿಯನ್ನು ಬೀದರಿಗೆ ಆಹ್ವಾನಿಸಿದ್ದನಾದರೂ ಕವಿ ಬರಲಿಲ್ಲ.

ಔರಂಗಜೇಬನ ಕಾಲದಲ್ಲಿ, ೧೬೯೬ರಲ್ಲಿ, ಇಲ್ಲಿ ಸಂಭವಿಸಿದ ಸ್ಫೋಟದಲ್ಲಿ ಕಟ್ಟಡದ ಒಂದು ಪಾರ್ಶ್ವ ಕುಸಿಯಿತು. ಎರಡು ಮಿನಾರುಗಳಲ್ಲಿ ಈಗ ಉಳಿದಿರುವುದು ಒಂದೇ. ಅದರ ಮೇಲೆ ಅಲ್ಲಲ್ಲಿ ಬಣ್ಣದ ಬಿಲ್ಲೆಗಳು ಇನ್ನೂ ಅಂಟಿಕೊಂಡಿವೆ. ಕಟ್ಟಡ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಣೆಯಲ್ಲಿದೆ.

ಮರಣ

ಗವಾನ್ ಹುದ್ದೆಗಳನ್ನು ಹಂಚುವಾಗ ಅಫಾಕಿ, ದಖ್ಖನಿ ಬಣಗಳೆರಡನ್ನೂ ಸರಿದೂಗಿಸಲು ಪ್ರಯತ್ನಿಸಿದ್ದನು. ಆದರೂ ಅಧಿಕಾರ ಮೊಟಕುಗೊಂಡವರ ದ್ವೇಷ ತಣಿಯಲಿಲ್ಲ. ವಿರೋಧಿಗಳು ಅವನ ಮುದ್ರೆ ಕಾಯುವವನನ್ನು ವಶಮಾಡಿಕೊಂಡು ಖಾಲಿ ಕಾಗದಕ್ಕೆ ಮುದ್ರೆ ಒತ್ತಿಸಿ, ದಂಡೆತ್ತಿ ಬರುವಂತೆ ಒರಿಸ್ಸಾದ ಅರಸನನ್ನು ಕರೆಯುವ ಸುಳ್ಳು ಪತ್ರವೊಂದನ್ನು ಸೃಷ್ಟಿಸಿದರು. ಮದ್ಯದ ಅಮಲಿನಲ್ಲಿದ್ದ ಸುಲ್ತಾನ ವಿಚಾರಣೆಯಿಲ್ಲದೆ ಮರಣದಂಡನೆ ವಿಧಿಸಿದನು. ೧೪೮೧ರ ಏಪ್ರಿಲ್ ೫ರಂದು ಕೊಂಡಪಲ್ಲಿಯ ಶಿಬಿರದಲ್ಲಿ ಗವಾನನ ಶಿರಚ್ಛೇದವಾಯಿತು.

ಬಳಿಕ ಖಜಾನೆಯನ್ನು ತಪಾಸಣೆ ಮಾಡಿದಾಗ ನಿರೀಕ್ಷಿಸಿದ ಸಂಪತ್ತು ಸಿಗಲಿಲ್ಲ. ಇತಿಹಾಸಕಾರ ಫರಿಷ್ತಾ ಹೇಳುವಂತೆ, ತಾನು ತಂದಿದ್ದ ೪೦,೦೦೦ ಲಾರಿ ಎಂಬ ಬೆಳ್ಳಿ ನಾಣ್ಯಗಳ ಬಂಡವಾಳವನ್ನು ವ್ಯಾಪಾರದಲ್ಲಿ ತೊಡಗಿಸಿ, ಅದರ ಲಾಭದಿಂದಲೇ ಗವಾನ್ ಜೀವನ ನಡೆಸುತ್ತಿದ್ದನು. ಜಹಗೀರಿನ ಆದಾಯ ಸೈನಿಕರಿಗೂ ಬಡವರಿಗೂ ಹೋಗುತ್ತಿತ್ತು. ಸತ್ಯ ತಿಳಿದ ಸುಲ್ತಾನ ಪಶ್ಚಾತ್ತಾಪಪಟ್ಟನಾದರೂ ಮರುವರ್ಷವೇ ತೀರಿಕೊಂಡನು. ಕೆಲವೇ ದಶಕಗಳಲ್ಲಿ ರಾಜ್ಯ ಬಿಜಾಪುರ, ಅಹಮದ್‌ನಗರ, ಬೇರಾರ್, ಗೋಲ್ಕೊಂಡ, ಬೀದರ್ ಎಂದು ಐದಾಗಿ ಒಡೆಯಿತು. ಗವಾನನ ಸಮಾಧಿ ಬೀದರ್ ನಗರದ ಹೊರವಲಯದ ಗೋರನಳ್ಳಿಯ ಬಳಿ ಇದೆ. ಅದರ ಮೇಲೆ ಗುಮ್ಮಟವಿಲ್ಲ.