ಕಿತ್ತೂರ ಸೆರೆಯಾಳು, ಕನ್ನಡ ಕಲ್ಲುಗಳ ಓದುಗ: ಸರ್ ವಾಲ್ಟರ್ ಎಲಿಯಟ್

ಮಹಾನವಮಿಯ ಕಾಲಕ್ಕೆ ದೇವರಗುಡ್ಡದ ಮೈಲಾರಲಿಂಗನ ಜಾತ್ರೆಗೆ ಹೋದವರೆಲ್ಲರೂ ಕಾರ್ಣಿಕವನ್ನು ಕೇಳಿರುವರು. ಗೊರವಯ್ಯನು ಬಿಲ್ಲನ್ನೇರಿ ನುಡಿಯುವ ಒಂದೇ ಮಾತಿಗೆ ನೆರೆದ ಜನಸಮೂಹವು ಉಸಿರು ಬಿಗಿಹಿಡಿದು ಕಿವಿಗೊಡುವದು. ಊರು ಮುಟ್ಟುವವರೆಗೂ ದಾರಿಯುದ್ದಕ್ಕೂ ಅದರ ಅರ್ಥದ ಚರ್ಚೆಯೇ ನಡೆಯುವದು. ಆದರೆ ಅದೇ ಜನರು ತಮ್ಮೂರ ಗುಡಿಯ ಮುಂದೆ ನೂರಾರು ವರ್ಷಗಳಿಂದ ನಿಂತಿರುವ ಶಾಸನದ ಕಲ್ಲು ಏನು ನುಡಿಯುತ್ತಿರುವದೆಂದು ಒಮ್ಮೆಯಾದರೂ ಕೇಳುವದಿಲ್ಲ. ಈ ಸೀಮೆಯ ಕಲ್ಲುಗಳ ನುಡಿಗೆ ಇತ್ತೀಚಿನ ಕಾಲದಲ್ಲಿ ಮೊದಲು ಕಿವಿಗೊಟ್ಟವರಲ್ಲಿ ಒಬ್ಬನು ಪರದೇಶಸ್ಥನು. ಅದರಲ್ಲಿಯೂ ಕಿತ್ತೂರ ಚೆನ್ನಮ್ಮರಾಣಿಯ ಸೆರೆಯಲ್ಲಿದ್ದವನು. ಆತನೇ ಸರ್ ವಾಲ್ಟರ್ ಎಲಿಯಟ್.

ಎಲಿಯಟನು 1803ರಲ್ಲಿ ಸ್ಕಾಟ್ಲಂಡದ ಎಡಿನ್‌ಬರೋ ಪಟ್ಟಣದಲ್ಲಿ ಜನಿಸಿದನು. ಕುಂಪಣಿ ಸರಕಾರದ ನೌಕರಿ ಹಿಡಿದು 1821ರಲ್ಲಿ ಮದ್ರಾಸಿಗೆ ಬಂದನು. ಕೆಲಕಾಲದಲ್ಲಿಯೇ, ಆಗ ದಕ್ಷಿಣ ಮರಾಠಾ ಪ್ರಾಂತವೆಂದು ಕರೆಯಲ್ಪಡುತ್ತಿದ್ದ ನಮ್ಮ ಧಾರವಾಡದ ಕಡೆಗೆ ಅವನ ವರ್ಗವಾಯಿತು. ಅಚ್ಚ ಕನ್ನಡ ನಾಡಿಗೆ ಈ ಹೆಸರು ಬಿದ್ದದ್ದೇ ನಮ್ಮ ಅಂದಿನ ಸ್ಥಿತಿಯನ್ನು ಹೇಳುವದು.

1824ರ ಅಕ್ಟೋಬರ ತಿಂಗಳಲ್ಲಿ ಕಿತ್ತೂರ ಕಾಳಗವಾಯಿತು. ಥ್ಯಾಕರೆ ಸಾಹೇಬನು ಹತನಾದನು. ಅವನ ಕೈಕೆಳಗಿನ ಅಧಿಕಾರಿಗಳಾದ ಎಲಿಯಟ್ ಮತ್ತು ಸ್ಟೀವನ್‌ಸನ್ ಎಂಬ ತರುಣರು ಸೆರೆ ಸಿಕ್ಕರು. ಎಲಿಯಟನಿಗೆ ಆಗ ಇಪ್ಪತ್ತೊಂದು ವರ್ಷ. ಕೆಲವು ವಾರಗಳವರೆಗೆ ಅವರು ಸೆರೆಯಲ್ಲಿದ್ದರು. ಆದರೆ ಅವರ ಪ್ರಾಣಕ್ಕೆ ಯಾವ ಹಾನಿಯೂ ಆಗಲಿಲ್ಲ. ಡಿಸೆಂಬರದಲ್ಲಿ ಅವರಿಗೆ ಬಿಡುಗಡೆಯಾಯಿತು. ಅದೇ ತಿಂಗಳು ಕಿತ್ತೂರು ಕುಂಪಣಿಯ ಕೈಸೇರಿತು. ಬಂಧಿಗಳು ಬದುಕಿ ಹೋದರು. ಅವರನ್ನು ಬಿಟ್ಟುಕೊಟ್ಟ ರಾಣಿಯು ಬೈಲಹೊಂಗಲದ ಸೆರೆಯಲ್ಲಿಯೇ 1829ರಲ್ಲಿ ದೇಹವಿಟ್ಟಳು. ಈ ಅನ್ಯಾಯವನ್ನು ಯಾವ ಕನ್ನಡಿಗನೂ ಮರೆಯತಕ್ಕದ್ದಲ್ಲ.

ಇನ್ನೊಬ್ಬನಾಗಿದ್ದರೆ ಈ ನಾಡನ್ನು ದ್ವೇಷಿಸಿ ಹೊರಟುಹೋಗುತ್ತಿದ್ದನು. ಎಲಿಯಟನು 1833ರವರೆಗೆ ಇಲ್ಲಿಯೇ ನಿಂತು, ಕಚೇರಿಯ ಕೆಲಸದ ಸಂಗಡ ಊರೂರಿನ ಶಾಸನಗಳನ್ನು ನಕಲು ಮಾಡಿಸತೊಡಗಿದನು. ಐನೂರಕ್ಕೂ ಮೇಲ್ಪಟ್ಟ ಶಾಸನಗಳು ಹೀಗೆ ಸಂಗ್ರಹವಾದವು. ಕಲ್ಲಿನ ಮುಂದೆ ಕುಳಿತು ನಕಲಿಳಿಸಿದವರು ನಮ್ಮವರೇ ಎಂಬುದನ್ನೂ ಇಲ್ಲಿ ಹೇಳಲೇಬೇಕು. ಹಳಗನ್ನಡ ಅಕ್ಷರಗಳ ಪಟ್ಟಿಯೊಂದನ್ನು ಅವನು 1833ರಲ್ಲಿ ಕಲ್ಲಚ್ಚಿನಲ್ಲಿ ಹೊರಡಿಸಿದನು. 1837ರಲ್ಲಿ ಲಂಡನ್ನಿನ ರಾಯಲ್ ಏಶಿಯಾಟಿಕ್ ಸೊಸಾಯಿಟಿಯ ಪತ್ರಿಕೆಯಲ್ಲಿ ಅವನ ಲೇಖನವು ಪ್ರಕಟವಾಯಿತು. ಚಾಲುಕ್ಯ, ಕಲಚುರಿ, ಯಾದವ, ಕದಂಬ ವಂಶಗಳ ಅರಸರು ಅದರಲ್ಲಿ ಕಾಲಾನುಕ್ರಮವಾಗಿ ನಿಂತರು. ಮುಂದೆ 1882ರಲ್ಲಿ ಫ್ಲೀಟ್ ಸಾಹೇಬನು ಕನ್ನಡ ಜಿಲ್ಲೆಗಳ ರಾಜವಂಶಗಳ ಚರಿತ್ರೆಯನ್ನು ಬರೆಯುವಾಗ ಈ ಸಂಗ್ರಹವು ಅವನಿಗೆ ಒದಗಿಬಂದಿತು. ನಮ್ಮ ಪೂರ್ವಿಕರು ನರ್ಮದೆಯವರೆಗೆ ಆಳಿದರೆಂದು ಇಂದು ನಾವು ಸಭೆಗಳಲ್ಲಿ ಎದೆತಟ್ಟಿ ಹೇಳುವ ಮಾತಿಗೆ ಇಂಥ ನಕಲುಗಳೇ ಆಧಾರವಾಗಿರುವವು.

ಅವನ ಕಿವಿ ಕಲ್ಲಿಗಷ್ಟೇ ಮೀಸಲಾಗಿರಲಿಲ್ಲ. ಮರಾಠಿಯೇ ಸರಕಾರದ ಶಾಲೆಯ ಭಾಷೆಯಾಗಿದ್ದ ಆ ದಿನಗಳಲ್ಲಿ ಅವನು ಧಾರವಾಡದಲ್ಲಿ ತನ್ನ ಸ್ವಂತ ಖರ್ಚಿನಿಂದ ಕನ್ನಡ ಶಾಲೆಯನ್ನು ತೆರೆದನು. ಈ ಪ್ರಾಂತದ ಪ್ರಾಣಿಗಳ ಪಟ್ಟಿಯನ್ನು 1839ರಲ್ಲಿ ಪ್ರಕಟಿಸುವಾಗ ಜನರಾಡುವ ಕನ್ನಡ ಹೆಸರುಗಳನ್ನೂ ಕೇಳಿ ಬರೆದುಕೊಂಡನು. ದೇವರಗುಡ್ಡದ ಸುತ್ತಲಿನ ಬಯಲಿನಲ್ಲಿ ನೆಗೆಯುವ ಚಿಗರಿಯು ಅದರಲ್ಲಿ ಚಿಗರಿಯಾಗಿಯೇ ಇರುವದು. ಇಲ್ಲಿಯವರು ಗುಲಂದಿ ಎನ್ನುತ್ತಿದ್ದ ಇಲಿಯೊಂದಕ್ಕೆ 1837ರಲ್ಲಿ ಗೊಲುಂದ ಎಲಿಯೊಟಿ ಎಂದು ಶಾಸ್ತ್ರೀಯ ನಾಮಕರಣವಾಯಿತು; ಹೊಲದ ಕನ್ನಡವೂ ಅವನ ಹೆಸರೂ ಅದರಲ್ಲಿ ಒಟ್ಟಿಗೆ ಉಳಿದಿರುವವು.

ಹಾಗೆಂದು ನಾವು ಅವನ ಸ್ತುತಿಪಾಠಕರಲ್ಲ. 1845ರಲ್ಲಿ ಅವನು ಆಂಧ್ರದ ಅಮರಾವತಿಯ ಬೌದ್ಧಸ್ತೂಪವನ್ನು ಅಗೆಯಿಸಿ ಕೆತ್ತನೆಯ ಕಲ್ಲುಗಳನ್ನು ಮದ್ರಾಸಿಗೆ ಸಾಗಿಸಿದನು. ಅವುಗಳಲ್ಲಿ 121 ಕಲ್ಲುಗಳು 1859ರಲ್ಲಿ ಸಮುದ್ರ ದಾಟಿದವು. ಲಂಡನ್ನಿನ ಬ್ರಿಟಿಷ್ ಮ್ಯೂಝಿಯಮ್ಮಿನಲ್ಲಿ ಅವನ ಹೆಸರಿನಿಂದಲೇ ಪ್ರಸಿದ್ಧವಾದವು. ನಕಲನ್ನು ಒಯ್ದವನಿಗೆ ನಾವು ಋಣಿಗಳು. ಮೂಲವನ್ನೇ ಒಯ್ದದ್ದನ್ನು ಒಪ್ಪಲಾರೆವು. ಅವನು ನಮ್ಮನ್ನು ಆಳಬಂದವರ ಸೇವಕನಾಗಿದ್ದನೆಂಬುದೂ ನಿಜ, ನಮ್ಮ ಚರಿತ್ರೆಗೆ ಉಪಕಾರಿಯಾದನೆಂಬುದೂ ನಿಜ. ಒಂದನ್ನು ಹೇಳಲು ಇನ್ನೊಂದನ್ನು ಮುಚ್ಚಿಡುವದು ದೇಶಾಭಿಮಾನವಲ್ಲ.

1860ರಲ್ಲಿ ಅವನು ನೌಕರಿಯಿಂದ ನಿವೃತ್ತನಾಗಿ ಸ್ಕಾಟ್ಲಂಡದ ತನ್ನ ವುಲ್ಫ್‌ಲೀ ಎಂಬ ಮನೆಯಲ್ಲಿ ನೆಲೆಸಿದನು. ಮುಪ್ಪಿನಲ್ಲಿ ಕಣ್ಣು ಬಹುತೇಕ ಹೋಯಿತು. ಆದರೂ ದಕ್ಷಿಣ ಹಿಂದುಸ್ಥಾನದ ನಾಣ್ಯಗಳನ್ನು ಕುರಿತ ಗ್ರಂಥವನ್ನು ಪೂರೈಸಿದನು. 1887ರ ಮಾರ್ಚ್ 1ರಂದು ಅವನು ತೀರಿಕೊಂಡನು. ಆ ದಿನ ಮುಂಜಾನೆಯೂ ತಿರುಕ್ಕುರಳಿನ ಹೊಸ ಆವೃತ್ತಿಯ ವಿಷಯವಾಗಿ ತಮಿಳು ಪಂಡಿತನಾದ ಪೋಪನಿಗೆ ಪತ್ರವನ್ನು ಹೇಳಿ ಬರೆಯಿಸಿ, ತನ್ನ ಕೈಯಿಂದಲೇ ಸಹಿ ಮಾಡಿದ್ದನು.

ಕಣ್ಣು ಹೋದವನಿಗೆ ಇದ್ದ ಆಸ್ಥೆಯು ಕಣ್ಣಿದ್ದ ನಮಗೆ ಇರಬೇಡವೇ? ಅಗಸೆಯ ಕಟ್ಟೆಗೂ ಹಿತ್ತಲ ಬಟ್ಟೆ ಒಗೆಯುವ ಹಾಸುಗಲ್ಲಿಗೂ ಶಾಸನವು ಸಲ್ಲುವದನ್ನು ನಾವು ಕಂಡಿರುವೆವು. ಗುಡಿಯ ಜೀರ್ಣೋದ್ಧಾರವೆಂದು ಅಕ್ಷರಗಳ ಮೇಲೆ ಬಣ್ಣ ಬಳಿಯುವದನ್ನೂ ಕಂಡಿರುವೆವು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ಅಧಿಕಾರಿಗಳೂ ಶಿಕ್ಷಕರೂ ತಂತಮ್ಮ ಊರಿನ ಒಂದೊಂದು ಕಲ್ಲನ್ನು ತೊಳೆಯಿಸಿ, ಓದಿಸಿ, ಅದರ ಅರ್ಥವನ್ನು ಗುಡಿಯ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಬರೆಯಿಸಲಿ. ಬರುವ ಮಹಾನವಮಿಗೆ ಕಾರ್ಣಿಕ ಕೇಳಲು ಹೊರಡುವ ಮುನ್ನ ನಮ್ಮೂರ ಕಲ್ಲಿನ ನುಡಿಯನ್ನೂ ಕೇಳಿ ಹೊರಡೋಣ.